ವೀಸಾ ಬೇಡ, ಅಪ್ಪಣೆ ಬೇಕು

ಕೀನ್ಯಾ ದೇಶದವರು 2024ರ ಜನವರಿಯಿಂದ ಲೋಕದ ಯಾರಿಗೂ ವೀಸಾ ಬೇಡವೆಂದು ಸಾರಿದರು. ಎಂಥ ದೊಡ್ಡ ಮನಸ್ಸು! ಬರುವವರು ಮಾಡಬೇಕಾದ್ದು ಇಷ್ಟೇ: ಹೊರಡುವ ಮೊದಲು ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಫೋಟೊ ಹಚ್ಚಿ, 30 ಡಾಲರ್ ಕಟ್ಟಿ, ಅನುಮತಿ ಬರುವ ತನಕ ಕಾಯುವುದು. ಮೊದಲು ಏನೂ ಇಲ್ಲದೆ ಹೋಗಿಬರುತ್ತಿದ್ದ ಕೆಲವು ದೇಶದವರೂ ಈ ವೀಸಾಮುಕ್ತಿಯ ಪುಣ್ಯದಿಂದ ಸಾಲಿನಲ್ಲಿ ನಿಂತರು. ಮರುವರ್ಷ ಆಫ್ರಿಕಾದ ಹೆಚ್ಚಿನ ದೇಶಗಳಿಗೆ ವಿನಾಯಿತಿಯಿಂದಲೇ ವಿನಾಯಿತಿ ಕೊಡಬೇಕಾಯಿತು.

ಶಿರಸಿಯ ಅಡಿಕೆ ವಖಾರಿಯಲ್ಲಿ ಕೂತು ಇದನ್ನು ಕೇಳಿದ ಹಿರಿಯರೊಬ್ಬರು ಕವಳದ ಬಾಯಲ್ಲೇ ಕೇಳಿದರಂತೆ: “ವೀಸಾ ಬ್ಯಾಡ ಹೇಳ್ತ, ಅರ್ಜಿ ಹಾಕು ಹೇಳ್ತ, ದುಡ್ಡೂ ಕೇಳ್ತ. ಹಂಗಾರೆ ವೀಸಾ ಅಂದ್ರೆ ಎಂತದಾ ಭಾವ?”

ಬ್ರಿಟನ್ನಿನವರು ಇನ್ನೂ ಚುರುಕು. ಯುರೋಪಿನವರಿಗೆ 2025ರ ಏಪ್ರಿಲ್ 2ರಿಂದ ಮುಂಗಡ ಅನುಮತಿ ಕಡ್ಡಾಯ ಮಾಡಿದರು, ಶುಲ್ಕ 10 ಪೌಂಡ್. ಏಪ್ರಿಲ್ 9ಕ್ಕೆ ಅದು 16 ಆಯಿತು. ಐರೋಪ್ಯ ಒಕ್ಕೂಟದ್ದು ಇದಕ್ಕೂ ಮೇಲು. 2018ರಲ್ಲೇ ಕಾನೂನು ಮಾಡಿ, ಆಗ ಈಗ ಎಂದು ಮುಂದೂಡುತ್ತಲೇ ಹೋಗಿ, ಒಬ್ಬನಿಗೂ ಅನುಮತಿ ಕೊಡುವ ಮೊದಲೇ ಶುಲ್ಕವನ್ನು 7 ಯೂರೋದಿಂದ 20ಕ್ಕೆ ಏರಿಸಲು ತೀರ್ಮಾನಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡಿದ್ದೆವು. ಕುಲಾವಿಯ ದರ ಏರಿಸಿದವರನ್ನು ಈಗ ಕಂಡೆವು.

ನಗುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಲ್ಲ. 2014ರ ನವೆಂಬರಿನಲ್ಲಿ ನಮ್ಮ ಸರ್ಕಾರ ‘ಬಂದಿಳಿದ ಮೇಲೆ ವೀಸಾ’ ಎಂಬ ಯೋಜನೆ ತಂದಿತು. ಬಂದಿಳಿಯುವ ಆ ವೀಸಾಕ್ಕೆ ಬರುವುದಕ್ಕೆ ಕೆಲವು ದಿನ ಮೊದಲೇ ಅರ್ಜಿ ಹಾಕಬೇಕಿತ್ತು! ಯಾರಿಗೋ ನಾಚಿಕೆಯಾಗಿರಬೇಕು, ಮರುವರ್ಷ ಹೆಸರನ್ನು ಇ-ಟೂರಿಸ್ಟ್ ವೀಸಾ ಎಂದು ತಿದ್ದಿದರು. ಹಾಗೆ ಬಂದ ಪರದೇಶಿ ಗೋಕರ್ಣದ ಕುಡ್ಲೆ ಬೀಚಿನಲ್ಲಿ ಚೀಲ ಇಳಿಸಿದರೆ, ದಿಲ್ಲಿಗೆ ಆಗಲೇ ಗೊತ್ತಿರುವ ಅವನ ಜಾತಕವನ್ನು ಹೋಮ್‌ಸ್ಟೇಯವರು 24 ತಾಸಿನೊಳಗೆ ಫಾರಂ ತುಂಬಿ ಮತ್ತೆ ಸರ್ಕಾರಕ್ಕೇ ತಿಳಿಸಬೇಕು.

ಇಷ್ಟು ಒಳ್ಳೆಯ ಪದ್ಧತಿ ವಿದೇಶಕ್ಕೇ ಮೀಸಲಾಗುವುದು ಅನ್ಯಾಯ. ನಮ್ಮ ಜಿಲ್ಲೆಯಲ್ಲೂ ಜಾರಿಯಾಗಲಿ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಲು ವೀಸಾ ಖಂಡಿತ ಬೇಡ. ‘ಘಟ್ಟ ಇಳಿಯುವ ಇ-ಅಪ್ಪಣೆ’ ಸಾಕು. ಅವಧಿ ಬ್ರಿಟನ್ನಿನ ಲೆಕ್ಕದಲ್ಲೇ 2 ವರ್ಷ ಇರಲಿ, ಒಂದು ಮಾರಿಜಾತ್ರೆಯಿಂದ ಇನ್ನೊಂದರವರೆಗೆ ಸರಿಯಾಗುತ್ತದೆ. ಕರಾವಳಿಯವರು ಜಾತ್ರೆಗೆ ಮೇಲೆ ಬರಲು ‘ಘಟ್ಟ ಹತ್ತುವ ಇ-ಅಪ್ಪಣೆ’, ಅದರ ಶುಲ್ಕ ಬೇರೆ. ಪ್ರಯಾಣದ ಉದ್ದೇಶ ಎಂಬಲ್ಲಿ ಮದುವೆ, ಉಪನಯನ, ಯಕ್ಷಗಾನದ ಆಟ ನೋಡುವುದು, ಕೋರ್ಟು ಇಷ್ಟು ಕೊಟ್ಟರಾಯಿತು. ಮೀನು ತಿನ್ನಲು ಹೋಗುವ ಭಟ್ಟರು ‘ಇತರೆ’ ಒತ್ತಲಿ, ಕಾರಣ ಬರೆಯುವುದು ಕಡ್ಡಾಯವಲ್ಲ. ಒಟಿಪಿ ಬರಲು ಗುಡ್ಡ ಹತ್ತಬೇಕಾದ ಊರಿನವರು ಗುಡ್ಡ ಹತ್ತಲಿ. ಇಳಿಯುವಷ್ಟರಲ್ಲಿ ಒಟಿಪಿ ಸತ್ತಿರುತ್ತದೆ, ಅದು ತಾಂತ್ರಿಕ ವಿಷಯ.

ಅಮೆರಿಕದ ಮುಂಗಡ ಅನುಮತಿಯ ಫಾರಮಿನಲ್ಲಿ ಒಂದು ಪ್ರಶ್ನೆ ಇದೆ: ಭಯೋತ್ಪಾದನೆ, ಬೇಹುಗಾರಿಕೆ, ನರಮೇಧ ಇವುಗಳಲ್ಲಿ ಎಂದಾದರೂ ತೊಡಗಿದ್ದೀರಾ? ಗೂಢಚಾರನೊಬ್ಬ ಈ ಪ್ರಶ್ನೆಗೆ ಬಂದಾಗ ಮೈಯೆಲ್ಲ ಬೆವೆತು ‘ಹೌದು’ ಒತ್ತುತ್ತಾನೆಂದು ಆ ಸರ್ಕಾರ ನಂಬಿದೆ. ನಮ್ಮ ಫಾರಮಿನಲ್ಲೂ ಅದು ಇರಲೇಬೇಕು. ಆದರೆ ಒಂದು ಭಯ. ಮೇಲಿನ ಮನೆಯವರಿಗೆ ಈ ವರ್ಷ ಎಷ್ಟು ಕ್ವಿಂಟಲ್ ಚಾಲಿ ಅಡಿಕೆ ಆಯಿತು, ಯಾವ ದರಕ್ಕೆ ಕೊಟ್ಟರು ಎಂದು ಬೇಲಿ ಸಂದಿಯಿಂದ ಪತ್ತೆ ಹಚ್ಚದ ಮನುಷ್ಯ ಈ ತಾಲೂಕಿನಲ್ಲಿ ಯಾರಿದ್ದಾರೆ? ಸತ್ಯ ಹೇಳಿದರೆ ಇಡೀ ಶಿರಸಿಯ ಅರ್ಜಿ ವಜಾ.

ವಜಾ ಆದರೂ ಚಿಂತೆಯಿಲ್ಲ. ಬ್ರಿಟನ್ನಿನ ನಿಯಮವನ್ನೇ ಇಟ್ಟುಕೊಳ್ಳೋಣ: ಅನುಮತಿ ಸಿಗದವರಿಗೆ ಮೇಲ್ಮನವಿ ಇಲ್ಲ, ಬೇಕಿದ್ದರೆ ವೀಸಾಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಕಚೇರಿ ಕುಮಟೆಯಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರವೇ.