ದೋಣಿಗೆ ಕರೆಂಟು, ದಡಕ್ಕೆ ಹೊಗೆ

ಫೋಟೊ ನೀವೂ ನೋಡಿದ್ದೀರಿ. ಡೀಸೆಲ್ ಎಂಜಿನ್ ಕಿತ್ತುಹಾಕಿ ವಿದ್ಯುತ್ ಮೋಟಾರು ಕೂರಿಸಿಕೊಂಡ ಪ್ರವಾಸಿ ದೋಣಿ, ಅದರ ಮೂತಿಗೆ ಸೇವಂತಿಗೆ ಹಾರ, ಹಾರದ ಹಿಂದೆ ಗಣ್ಯರು, ಗಣ್ಯರ ಹಿಂದೆ ಇನ್ನಷ್ಟು ಗಣ್ಯರು. ಕೆರೆಯ ಹೆಸರು ಬರೆಯುವುದಿಲ್ಲ. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ತಮ್ಮ ಊರಿನದೇ ಎನ್ನಿಸಿದರೆ ಅದೂ ತಪ್ಪಲ್ಲ. ಚಿತ್ರ ಕತ್ತರಿಸಿದವರು ಎಡಗಡೆ ಸ್ವಲ್ಪ ಉಳಿಸಿಬಿಟ್ಟಿದ್ದಾರೆ. ಅಲ್ಲಿ ದಡದ ಮೇಲೆ, ಹುಣಸೆ ಮರದ ಕೆಳಗೆ, ಒಂದು ಡೀಸೆಲ್ ಜನರೇಟರ್ ಕಪ್ಪು ಹೊಗೆ ಉಗುಳುತ್ತ ನಿಂತಿದೆ. ಅದರಿಂದ ಹೊರಟ ತಂತಿ ನೇರ ದೋಣಿಯ ಬ್ಯಾಟರಿಗೆ.

ನಗುವವರಿಗೆ ಯೋಜನೆಯ ಆಳ ತಿಳಿದಿಲ್ಲ. ಮೊದಲು ಹೊಗೆಯೆಲ್ಲ ಕೆರೆಯ ನಡುವೆ ಹೋಗಿ ಯಾರಿಗೂ ಸಿಗದೆ ವ್ಯರ್ಥವಾಗುತ್ತಿತ್ತು. ಈಗ ಟಿಕೆಟ್ ಸಾಲಿನಲ್ಲಿ ನಿಂತವರಿಗೆ, ಚುರುಮುರಿ ಮಾರುವವರಿಗೆ, ದೋಣಿ ಹತ್ತಲು ಕಾಸಿಲ್ಲದವರಿಗೂ ಸಮನಾಗಿ ಹಂಚಿಕೆಯಾಗುತ್ತಿದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಅಡಗಿದೆ. ಸಣ್ಣ ಜನರೇಟರ್ ಅದರಲ್ಲಿ 3 ಯೂನಿಟ್ ಕರೆಂಟು ಕೊಟ್ಟರೆ ಅದೇ ದೊಡ್ಡದು. ಆ ಮೂರು ಯೂನಿಟ್ಟು ಚಾರ್ಜರ್, ಬ್ಯಾಟರಿ, ಕಂಟ್ರೋಲರ್, ಮೋಟಾರು ಎಂದು ನಾಲ್ಕು ಕಚೇರಿ ಸುತ್ತಿ, ಎಲ್ಲ ಮೇಜಿನಲ್ಲೂ ಮಾಮೂಲು ಕೊಟ್ಟು, ಪ್ರೊಪೆಲ್ಲರ್ ತಲುಪುವ ಹೊತ್ತಿಗೆ ಎರಡೂ ಚಿಲ್ಲರೆ ಉಳಿಯುತ್ತದೆ. ಹಳೆಯ ಎಂಜಿನ್ನು ಈ ಸುತ್ತಾಟವಿಲ್ಲದೆ ಅದೇ ಲೀಟರಿನಲ್ಲಿ ಹೆಚ್ಚೇ ಕೊಡುತ್ತಿತ್ತು. ಹೀಗಾಗಿ ಪರಿಸರ ಉಳಿಸಲು ಮೊದಲಿಗಿಂತ ಹೆಚ್ಚು ಡೀಸೆಲ್ ಸುಡಬೇಕಾಗಿ ಬಂದಿದೆ. ತ್ಯಾಗವಿಲ್ಲದೆ ಯಾವ ಪುಣ್ಯ ಸಿಕ್ಕಿದೆ ಹೇಳಿ!

ಟೆಂಡರ್ ಬರೆದವರನ್ನು ಹೊಗಳದೆ ಮುಂದೆ ಹೋಗಲಾರೆ. 25 ಅಶ್ವಶಕ್ತಿಯ ಎಂಜಿನ್ ತೆಗೆದರೆ 25 ಅಶ್ವಶಕ್ತಿಯ ಮೋಟಾರೇ ಬರಬೇಕು, ಒಂದು ಕುದುರೆ ಕಡಿಮೆಯಾದರೂ ಆಡಿಟ್ ಆಕ್ಷೇಪ. ನೀರಿನಲ್ಲಿ ವೇಗ ದುಪ್ಪಟ್ಟು ಬೇಕೆಂದರೆ ಹೆಚ್ಚುಕಡಿಮೆ ಎಂಟು ಪಟ್ಟು ಶಕ್ತಿ ಸುರಿಯಬೇಕು, ವೇಗ ಅರ್ಧಕ್ಕಿಳಿಸಿದರೆ ಎಂಟರಲ್ಲೊಂದು ಪಾಲು ಸಾಕು. ದೋಣಿ ಕಟ್ಟುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕೊಕ್ಕರೆ ತೋರಿಸಲು ಹೊರಟ ದೋಣಿ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ, ಮೂರು ನಾಲ್ಕು ಕಿಲೋವ್ಯಾಟ್ ಧಾರಾಳ. ಆದರೆ ತಂದದ್ದು ಹದಿನೆಂಟರ ಮೇಲೆ. ಪ್ರೊಪೆಲ್ಲರ್ ಒಂದನ್ನು ಮಾತ್ರ ‘ಚೆನ್ನಾಗಿಯೇ ಇದೆಯಲ್ಲ’ ಎಂದು ಹಳೆಯದನ್ನೇ ಉಳಿಸಿಕೊಂಡರಂತೆ. ಕಡಿಮೆ ಸುತ್ತಿನಲ್ಲೇ ಪೂರ್ತಿ ಬಲ ಕೊಡುವುದು ವಿದ್ಯುತ್ ಮೋಟಾರಿನ ದೊಡ್ಡ ಗುಣ. ಅದಕ್ಕೆ ಅಗಲವಾದ, ನಿಧಾನಕ್ಕೆ ತಿರುಗುವ ಪ್ರೊಪೆಲ್ಲರ್ ಬೇಕು. ಇಡೀ ಯೋಜನೆಯಲ್ಲಿ ಖರ್ಚು ಮಾಡಬೇಕಾಗಿದ್ದ ಜಾಗ ಅದೊಂದೇ, ಉಳಿತಾಯ ಮಾಡಿದ್ದೂ ಅಲ್ಲೇ.

ಬ್ಯಾಟರಿಯ ಕಥೆ ಇನ್ನೂ ಸೊಗಸು. 20 ಯೂನಿಟ್ ಹಿಡಿಸುವ ಲಿಥಿಯಂ ಪೆಟ್ಟಿಗೆಗಳೆಂದರೆ ಇನ್ನೂರು ಕಿಲೋದ ಆಸುಪಾಸು. ತಳದಲ್ಲಿ, ನಡುಮಧ್ಯಕ್ಕೆ ಹಂಚಿ ಇಟ್ಟಿದ್ದರೆ ದೋಣಿಗೆ ಸ್ಥಿರತೆಯೇ ಬರುತ್ತಿತ್ತು. ಎಲ್ಲವನ್ನೂ ಹಿಂಬದಿಗೆ ತುರುಕಿದ್ದರಿಂದ ದೋಣಿ ಮೂತಿ ಎತ್ತಿಕೊಂಡು ಆಕಾಶ ನೋಡುತ್ತಿದೆ. ಗಣ್ಯರೆಲ್ಲ ಮುಂದಿನ ಸಾಲಿನಲ್ಲೇ ಕಿಕ್ಕಿರಿದು ಕೂತಿದ್ದಕ್ಕೆ ಇದೇ ಕಾರಣವಂತೆ. ಸಾರ್ವಜನಿಕ ಜೀವನದಲ್ಲಿ ಅವರ ತೂಕ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿದ್ದು ಇದೇ ಮೊದಲು.

ಜನರೇಟರ್ ಏಕೆಂದರೆ, ದಡಕ್ಕೆ ತ್ರೀ ಫೇಸ್ ಬಂದಿಲ್ಲ. ಕಂಬ ಬಂದು ಮಲಗಿದೆ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಬಾಕಿ. ಮಂಡ್ಯದ ಕಡೆ ಕಬ್ಬಿಗೆ ನೀರು ಹಾಯಿಸಲು ನಡುರಾತ್ರಿಯ ತ್ರೀ ಫೇಸ್‌ಗಾಗಿ ಟಾರ್ಚು ಹಿಡಿದು ಕಾಯುವವರ ಸಾಲಿಗೆ ಈಗ ದೋಣಿಯೂ ಸೇರಿತು, ಅಷ್ಟೇ.

ಅದೇ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಶಿವನಸಮುದ್ರ ಇದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಕೆಲಸ. 1902ರಲ್ಲಿ ಅಲ್ಲಿ ಕಾವೇರಿಯಿಂದ ಹುಟ್ಟಿದ ಕರೆಂಟು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. ಮೂರು ವರ್ಷದಲ್ಲಿ ಬೆಂಗಳೂರಿನ ಬೀದಿಗಳಿಗೂ ಹೋಯಿತು. ಆಗ ಇ-ಟೆಂಡರ್ ಇರಲಿಲ್ಲ, ವಿಡಿಯೊ ಸಭೆ ಇರಲಿಲ್ಲ, ಇದ್ದದ್ದು ಗಾಡಿ ಎಳೆಯುವ ಎತ್ತುಗಳು. ಗಣಿ ಮುಚ್ಚಿಯೇ ಎರಡು ದಶಕವಾಗಿಹೋಯಿತು. ದಸರೆಯಲ್ಲಿ ಅರಮನೆಗೆ ಲಕ್ಷದ ಹತ್ತಿರ ಬಲ್ಬು ಉರಿಸುವ ನಮ್ಮ ಊರಿನಲ್ಲಿ ಕೆರೆಯ ದಡಕ್ಕೊಂದು ತಂತಿ ಎಳೆಯುವುದು ಇನ್ನೂ ‘ಪರಿಶೀಲನೆಯಲ್ಲಿದೆ’.

ರಂಗನತಿಟ್ಟಿಗೆ ಹೋಗಿ ನೋಡಿ. 1940ರಲ್ಲಿ ಸಲೀಂ ಅಲಿ ಹೇಳಿದ್ದಕ್ಕೆ ಮಹಾರಾಜರು ಪಕ್ಷಿಧಾಮವಾಗಿಸಿದ ಜಾಗ. ಅಲ್ಲಿ ಹುಟ್ಟು ಹಾಕುವವರು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಪಕ್ಕದಲ್ಲೇ ದೋಣಿ ತೇಲಿಸಿಕೊಂಡು ಹೋಗುತ್ತಾರೆ. ಹಕ್ಕಿ ಹಾರುವುದಿಲ್ಲ, ಮೊಸಳೆ ಬಾಯಿ ಮುಚ್ಚುವುದೂ ಇಲ್ಲ. ಶೂನ್ಯ ಹೊಗೆಯ ಇಂಥದೊಂದು ವ್ಯವಸ್ಥೆಗೆ ಇಷ್ಟು ವರ್ಷವಾದರೂ ಶಂಕುಸ್ಥಾಪನೆ ಮಾಡದೆ ಬಿಟ್ಟವರು ಯಾರು? ತನಿಖೆಯಾಗಬೇಕು.

ವಿದ್ಯುತ್ ದೋಣಿ ಬೇಡವೆಂದು ನಾನು ಹೇಳುತ್ತಿಲ್ಲ. ಹಳೆಯ ಮಾದರಿಯ ಟೂ ಸ್ಟ್ರೋಕ್ ಎಂಜಿನ್ನು ಕುಡಿದ ಇಂಧನದಲ್ಲಿ ಕಾಲು ಭಾಗದಷ್ಟನ್ನು ಸುಡದೆ ನೀರಿಗೇ ಬಿಡುತ್ತದೆ, ಮತ್ತು ಇಲ್ಲಿ ನಾವು ಕುಡಿಯುವುದು ಆ ಕಾವೇರಿಯನ್ನೇ. ಸರಿಯಾಗಿ ಮಾಡಿದವರು ದೂರದಲ್ಲೂ ಇಲ್ಲ. ಕೇರಳದ ವೈಕಂನಿಂದ ತವಣಕ್ಕಡವಿಗೆ 2017ರ ಜನವರಿಯಲ್ಲಿ ಹೊರಟ ‘ಆದಿತ್ಯ’ ಎಂಬ ಸೌರ ದೋಣಿ 75 ಜನರನ್ನು ಹೊರುತ್ತದೆ. ಅದರಲ್ಲಿ ಶಾಲೆಗೆ, ಕೆಲಸಕ್ಕೆ ಹೋಗುವವರು ಕೂರುತ್ತಾರೆ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಎರ್ನಾಕುಲಂ, ನೋಡಿ ಬರಬಹುದು. ಆದರೆ ಅಧ್ಯಯನ ಪ್ರವಾಸಕ್ಕೆ ನಮ್ಮವರು ಕೇಳುವುದು ನಾರ್ವೆ. 2015ರಲ್ಲಿ ಅಲ್ಲಿ ಕಾರು ಹೊರುವ ವಿದ್ಯುತ್ ಹಡಗೇ ಓಡಾಡಲು ಶುರುಮಾಡಿದೆ, ಕುಟುಂಬ ಸಮೇತ ನೋಡಬೇಕಾದದ್ದು.

ತಮಾಷೆ ಸಾಕು. ಮಾಲಂಗಿ ಮಡುವಾಗಲಿ ಎಂದು ಅಲಮೇಲಮ್ಮ ಶಪಿಸಿದ ನದಿ ಈ ಕಾವೇರಿ. ಆ ಮಡುಗಳ ಮೇಲೆ ಇವತ್ತಿಗೂ ಜನ ತೆಪ್ಪದಲ್ಲಿ ಓಡಾಡುತ್ತಾರೆ, ಹುಲ್ಲಿನ ಹೊರೆ, ಕೂಸು, ಒಮ್ಮೊಮ್ಮೆ ಸೈಕಲ್ಲಿನ ಸಮೇತ. ಮುಳುಗಿದ ದಿನ ಅಧಿಕಾರಿಗಳು ಬರುತ್ತಾರೆ, ಪರಿಹಾರದ ಚೆಕ್ಕು ಬರುತ್ತದೆ, ತೆಪ್ಪ ನಿಷೇಧಿಸಿದ ಬೋರ್ಡು ಬರುತ್ತದೆ. ಲೈಫ್ ಜಾಕೆಟ್ ಮಾತ್ರ ಬರುವುದಿಲ್ಲ. ಪುಟ್ಟ ಮೋಟಾರು, ಎರಡು ಬ್ಯಾಟರಿ, ತಲೆಯ ಮೇಲೊಂದು ಸೌರ ಫಲಕ ಇರುವ ದೋಣಿಯನ್ನು ಮೊದಲು ಕೊಡಬೇಕಾಗಿದ್ದುದು ಆ ದಡಕ್ಕೆ. ಕೊಡುವುದಿಲ್ಲ. ಅಲ್ಲಿ ದಾಟುವವರು ಟಿಕೆಟ್ ಕೊಳ್ಳುವುದಿಲ್ಲ, ಸೇವಂತಿಗೆ ಹಾರ ತರುವುದಿಲ್ಲ, ಫೋಟೊಗೆ ನಿಲ್ಲಲು ಅವರಿಗೆ ಪುರುಸೊತ್ತೂ ಇಲ್ಲ.