ಬಂಗುಡೆಗೆ 61 ದಿನಗಳ ಬಾಣಂತನ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಸರಕಾರವೇ ಮುಂದೆ ನಿಂತು, ದೊಡ್ಡ ಬೋಟುಗಳ ಮೀನುಗಾರಿಕೆ ನಿಲ್ಲಿಸಿ, ಮೀನುಗಳ ಬಾಣಂತನ ಮಾಡಿಸುತ್ತದೆ. ಮಲ್ಪೆ, ಗಂಗೊಳ್ಳಿ, ಮಂಗಳೂರುಗಳ ದಕ್ಕೆಯಲ್ಲಿ ದೊಡ್ಡ ಬೋಟುಗಳು ಒಂದಕ್ಕೊಂದು ಒರಗಿಕೊಂಡು ನಿಲ್ಲುತ್ತವೆ, ನಾಡದೋಣಿಗಳಷ್ಟೇ ಕಡಲಿಗಿಳಿಯುತ್ತವೆ, ಮೀನು ನೆಮ್ಮದಿಯಿಂದ ಮೊಟ್ಟೆಯಿಟ್ಟು ಮರಿ ಮಾಡಲಿ ಎಂದು ಇಡೀ ಆಡಳಿತ 61 ದಿನ ತಾಳ್ಮೆಯಿಂದ ಕಾಯುತ್ತದೆ. 62ನೆಯ ದಿನ ನಾವೆಲ್ಲ ಮಗು ನೋಡಲು ಹೊರಡುತ್ತೇವೆ, ಬಲೆ ಸಮೇತ.

ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಮತ್ಸ್ಯಸಂಪತ್ತು ಹೆಚ್ಚಲಿ ಎಂದು ಭಕ್ತಿಯಿಂದ ಬೇಡಿಕೊಳ್ಳುತ್ತೇವೆ. ಬೇಡಿಕೆ ಎಷ್ಟರಮಟ್ಟಿಗೆ ಈಡೇರಿದೆಯೆಂದು ಪರೀಕ್ಷಿಸುವುದಕ್ಕೆ ಆಮೇಲೆ ಸಣ್ಣ ಕಣ್ಣಿನ ಬಲೆ ಇದ್ದೇ ಇದೆ. ಬಲೆಯ ಕಣ್ಣಿಗೆ ಕನಿಷ್ಠ ಅಳತೆಯೊಂದು ಕಾನೂನಿನಲ್ಲಿದೆ. ಅದು ಕಪಾಟಿನೊಳಗೆ ಸುರಕ್ಷಿತವಾಗಿದೆ. ರಾತ್ರಿ ಪ್ರಖರ ದೀಪ ಹೊತ್ತಿಸಿ ಮೀನನ್ನು ಮರುಳು ಮಾಡಿ ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ, ಹೀಗಾಗಿ ದಡದಲ್ಲಿ ನಿಂತಾಗ ದೂರದಲ್ಲಿ ಸಾಲಾಗಿ ಕಾಣುವ ಬೆಳಕು ನಕ್ಷತ್ರಗಳದ್ದೇ ಇರಬೇಕು. ಆ ನಕ್ಷತ್ರಗಳಿಗೆ ಡೀಸೆಲ್ ರಿಯಾಯಿತಿಯೂ ಉಂಟು.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ ದಕ್ಕೆಯಲ್ಲಿ ಬಂಗುಡೆಯ ರಾಶಿಯೊಂದನ್ನು ಕಂಡೆ. ಒಂದೊಂದೂ ನನ್ನ ತೋರುಬೆರಳಿಗಿಂತ ತುಸು ಉದ್ದ, ಬೆನ್ನಿನ ಮೇಲಿನ ಪಟ್ಟೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಸಲಿಕೆಯಿಂದ ಅವನ್ನು ಲಾರಿಗೆ ತುಂಬುತ್ತಿದ್ದವನನ್ನು "ಇಷ್ಟು ಸಣ್ಣದನ್ನು ಯಾರು ತಿನ್ನುತ್ತಾರೆ?" ಎಂದು ಕೇಳಿದರೆ, "ತಿನ್ಲಿಕ್ಕೆ ಅಲ್ಲ ಮಾರಾಯ್ರೆ, ಮಿಲ್ಲಿಗೆ" ಎಂದ. ಮಿಲ್ಲಿನಲ್ಲಿ ನಾಲ್ಕೈದು ಕಿಲೋ ಮೀನು ಬೆಂದು, ಒಣಗಿ, ಒಂದು ಕಿಲೋ ಹುಡಿಯಾಗುತ್ತದೆ. ಆ ಹುಡಿ ಕೆರೆಗಳಲ್ಲಿ ಸಾಕಿದ ಸಿಗಡಿಯ ಆಹಾರಕ್ಕೆ ಸೇರುತ್ತದೆ. ಆ ಸಿಗಡಿಯ ಬಹುಪಾಲು ಅಮೆರಿಕದಂಥ ದೇಶಗಳಿಗೆ ಹಡಗು ಹತ್ತುತ್ತದೆ. ಗಂಜಿಯ ಬದಿಯಲ್ಲಿ ಕೂರಬೇಕಾಗಿದ್ದ ಬಂಗುಡೆ ಇಷ್ಟೊಂದು ಸುತ್ತಿ ವಿದೇಶ ಪ್ರವಾಸ ಮಾಡುವುದನ್ನು ನಾವು ಅಭಿವೃದ್ಧಿ ಎನ್ನುತ್ತೇವೆ.

ಮೀನು ಕಡಿಮೆಯಾದಾಗ ತಪ್ಪು ಯಾರದೆಂಬ ಪ್ರಶ್ನೆಗೂ ಉತ್ತರ ಸಿದ್ಧವಿದೆ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ (ಸಾರ್ಡೀನ್) ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲು ಬಿಸಿಯಾದದ್ದೂ ಅದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳಿದ್ದು ನಿಜ. ಆದರೆ ಮರಿಗಳನ್ನೂ ಬಿಡದೆ ಹಿಡಿದದ್ದನ್ನು ಅವರು ಅದೇ ಉಸಿರಿನಲ್ಲಿ ಹೇಳಿದ್ದು ನಮಗೆ ಕೇಳಿಸಲಿಲ್ಲ. ಕಡಲನ್ನು ಬಿಸಿಯಾಗಿಸುವ ಎಲ್‌ನಿನೊ ಎಂಬ ಹವಾಮಾನ ವಿದ್ಯಮಾನವು ಮೀನುಗಾರರ ಸಂಘದ ಸಭೆಗೆ ಬಂದು ಜಗಳವಾಡುವುದಿಲ್ಲ, ಮತವನ್ನೂ ಹಾಕುವುದಿಲ್ಲ, ಆದ್ದರಿಂದ ಎಲ್ಲರಿಗೂ ಅದರ ಮೇಲೇ ಒಲವು. ಇದು ನಮ್ಮೊಬ್ಬರ ಜಾಣತನವೇನೂ ಅಲ್ಲ. 1974ರಲ್ಲಿ ಜಗತ್ತಿನ ಕಡಲುಗಳ ಮೀನುಸಮೂಹಗಳಲ್ಲಿ ಶೇ. 10ರಷ್ಟು ಮಾತ್ರ ಅತಿಯಾಗಿ ಹಿಡಿಯಲ್ಪಟ್ಟಿದ್ದವು, ಈಗ ಅಂಥವು ಮೂರನೆಯ ಒಂದು ಭಾಗವನ್ನೂ ದಾಟಿವೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಕೊಡುತ್ತಿದೆ.

ದಕ್ಕೆಯಿಂದ ಮರಳುವ ದಾರಿಯಲ್ಲಿ ಆ ಲಾರಿಯೇ ನನ್ನ ಸ್ಕೂಟರಿನ ಮುಂದಿತ್ತು, ಹೆದ್ದಾರಿಯುದ್ದಕ್ಕೂ ಮೀನಿನ ನೀರು ಚೆಲ್ಲುತ್ತಾ. ಪೇಟೆಯಲ್ಲಿ ಬುಟ್ಟಿಯಿಟ್ಟು ಕೂತಿದ್ದ ಅಕ್ಕನ ಬಳಿ ಮಾತ್ರ ಅಂಗೈ ಅಗಲದ, ಕೊಬ್ಬಿದ ಬೂತಾಯಿ ಹೊಳೆಯುತ್ತಿತ್ತು. ನಮ್ಮ ಕಡಲಲ್ಲಿ ಇನ್ನೂ ಇಂಥದ್ದಿದೆಯಲ್ಲ ಎಂದು ಹಿಗ್ಗಿ ಬೆಲೆ ಕೇಳಿದೆ.

"ಇದು ಒಮಾನಿದ್ದು" ಎಂದರು ಅಕ್ಕ, ಮಂಜುಗಡ್ಡೆ ಸರಿಸುತ್ತಾ. "ನಮ್ಮೂರಿದ್ದು ಈಗಷ್ಟೇ ಲಾರಿಯಲ್ಲಿ ಹೋಯ್ತಲ್ಲ, ನೀವು ನೋಡ್ಲಿಲ್ವಾ?"