ಬಿಟ್ಟ ಸ್ಥಳದಲ್ಲಿ ಸಿಗದ ಪ್ರಿಪೊಸಿಷನ್

ಕನ್ನಡದ ಮಕ್ಕಳು ಇಂಗ್ಲಿಷ್ ಪ್ರಿಪೊಸಿಷನ್‌ಗಳ ಬಳಕೆಯಲ್ಲಿ ಎಡವುತ್ತಾರೆ ಎಂಬ ದೂರು ಹಳೆಯದು. ಅದಕ್ಕೆ ಶಾಲೆಗಳು ಕಂಡುಕೊಂಡಿರುವ ಮದ್ದೂ ಅಷ್ಟೇ ಹಳೆಯದು: ಬಿಟ್ಟ ಸ್ಥಳ ತುಂಬಿಸುವುದು, ತಪ್ಪಾದರೆ ಸರಿಯುತ್ತರವನ್ನು ಮತ್ತೆ ಮತ್ತೆ ಬರೆಸುವುದು. ಇಂಗ್ಲಿಷ್ ಪಾಠ ಹೇಳುವವನಾಗಿ ನನಗನ್ನಿಸುವುದೇನೆಂದರೆ, ಈ ತೊಡಕು ಹುಟ್ಟುವುದು ಪ್ರಿಪೊಸಿಷನ್‌ಗಿಂತ ಒಂದು ಪದ ಮೊದಲೇ, ಅಂದರೆ ಗುಣವಾಚಕದಲ್ಲಿ. ಇಂಗ್ಲಿಷಿನ ಗುಣವಾಚಕವೊಂದು ಯಾವ ರೂಪದ ಸರ್ವನಾಮದೊಂದಿಗೆ ನಿಲ್ಲುತ್ತದೆ, ತನ್ನ ಬೆನ್ನಿಗೆ ಯಾವ ಪ್ರಿಪೊಸಿಷನ್ ಬೇಡುತ್ತದೆ ಎಂಬುದನ್ನು ಒಟ್ಟಾಗಿ ತೋರಿಸದೆ, ನಡುವಿನ ಪುಟ್ಟ ಪದವೊಂದನ್ನು ಕಿತ್ತು ಆ ಜಾಗದಲ್ಲಿ ಗೆರೆ ಎಳೆದು ಕೇಳಿದರೆ ಮಕ್ಕಳು ಊಹಿಸುವುದನ್ನು ಮಾತ್ರ ಕಲಿಯುತ್ತಾರೆ.

'ನನಗೆ ನಾಯಿಯೆಂದರೆ ಭಯ' ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಭಯ ಎಂಬುದು ನಾಮಪದ. ಹೆದರುವವನು ಚತುರ್ಥಿ ವಿಭಕ್ತಿಯಲ್ಲಿ 'ನನಗೆ' ಎಂದು ನಿಲ್ಲುತ್ತಾನೆ. 'ಐ ಆಮ್ ಅಫ್ರೇಡ್ ಆಫ್ ಡಾಗ್ಸ್' ಎನ್ನುವಾಗ ಅದೇ ವ್ಯಕ್ತಿ ಪ್ರಥಮಾ ವಿಭಕ್ತಿಗೆ ಏರುತ್ತಾನೆ, ಭಯ ಅವನ ಗುಣವಾಚಕವಾಗುತ್ತದೆ, ನಾಯಿ 'ಆಫ್' ಹಿಂದೆ ಹೋಗಿ ಕೂರುತ್ತದೆ. ಮೂರು ಬದಲಾವಣೆಗಳು ಒಟ್ಟಿಗೆ ನಡೆಯುವಾಗ ನಾವು ಮೂರನೆಯದನ್ನು ಮಾತ್ರ ಪರೀಕ್ಷಿಸುತ್ತೇವೆ. 'ನನಗೆ ಸಂಗೀತದಲ್ಲಿ ಆಸಕ್ತಿ' ಎಂಬಲ್ಲಿ ನಮ್ಮ 'ಅಲ್ಲಿ' ಪ್ರತ್ಯಯಕ್ಕೂ ಇಂಗ್ಲಿಷಿನ 'ಇನ್'ಗೂ ಅದೃಷ್ಟವಶಾತ್ ತಾಳೆಯಾಗುತ್ತದೆ. ಆ ಅದೃಷ್ಟವನ್ನು ನಂಬಿದ ಹುಡುಗ 'ಲೆಕ್ಕದಲ್ಲಿ ಜಾಣ' ಎಂಬುದನ್ನು 'ಗುಡ್ ಇನ್ ಮ್ಯಾತ್ಸ್' ಎನ್ನುತ್ತಾನೆ, 'ನನ್ನ ಮೇಲೆ ಕೋಪ' ಎಂಬುದನ್ನು 'ಆಂಗ್ರಿ ಆನ್ ಮಿ' ಎನ್ನುತ್ತಾನೆ. ತಿದ್ದಿದ ನೋಟ್‌ಬುಕ್ಕಿನಲ್ಲಿ 'ಇನ್' ಮೇಲೆ ಕೆಂಪು ಗೆರೆ, ಅದರ ತಲೆಯ ಮೇಲೆ 'ಅಟ್'. ಯಾಕೆ ಎಂಬ ವಿವರಣೆ ಎಲ್ಲೂ ಇರುವುದಿಲ್ಲ. ಹುಡುಗನದು ಅಜಾಗರೂಕತೆಯೇನಲ್ಲ, ಅವನು ತನ್ನ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ.

'ಗುಡ್' ಎಂಬ ಒಂದೇ ಪದ ಸಾಕು, ಇಡೀ ಪಾಠ ಅದರಲ್ಲೇ ಮುಗಿಯುತ್ತದೆ. ಕೌಶಲವಾದರೆ 'ಅಟ್', ಆರೋಗ್ಯಕ್ಕೆ ಹಿತವಾದರೆ 'ಫಾರ್', ಯಾರಾದರೂ ನಮ್ಮನ್ನು ಚೆನ್ನಾಗಿ ನಡೆಸಿಕೊಂಡರೆ 'ಟು', ಮಕ್ಕಳೊಂದಿಗೆ ಹೊಂದಿಕೊಳ್ಳುವ ಗುಣವಾದರೆ 'ವಿತ್'. ಪ್ರಿಪೊಸಿಷನ್ ಬದಲಾದಂತೆ ಗುಣವಾಚಕದ ಅರ್ಥವೂ ಸರಿಯುತ್ತದೆ ಎಂದು ತಿಳಿದ ಮೇಲೆ ಉರು ಹೊಡೆಯಬೇಕಾದದ್ದು ಹೆಚ್ಚೇನೂ ಉಳಿಯುವುದಿಲ್ಲ. ಕಚೇರಿಗಳಲ್ಲಿ ದಿನವೂ ಕೇಳಿಬರುವ 'ಸೀನಿಯರ್ ದ್ಯಾನ್ ಮಿ' ಎಂಬುದಕ್ಕೂ ಹೀಗೆಯೇ ಕಾರಣವಿದೆ. 'ನನಗಿಂತ ಸೀನಿಯರ್' ಎಂದು ಯೋಚಿಸುವವರಿಗೆ 'ದ್ಯಾನ್' ಸಹಜವಾಗಿಯೇ ಬರುತ್ತದೆ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವೆಲ್ಲ ಲ್ಯಾಟಿನ್‌ನಲ್ಲಿ ಹೋಲಿಕೆಯ ರೂಪದಲ್ಲೇ ಇದ್ದ ಪದಗಳು. ಇಂಗ್ಲಿಷ್ ಅವನ್ನು ತೆಗೆದುಕೊಂಡಿತೇ ಹೊರತು ತನ್ನ 'ದ್ಯಾನ್' ಸಾಲಿಗೆ ಸೇರಿಸಲಿಲ್ಲ, 'ಟು' ಕೊಟ್ಟು ಬೇರೆಯಾಗಿಯೇ ಇಟ್ಟಿತು.

ಗುಣವಾಚಕ, ಪ್ರಿಪೊಸಿಷನ್, ಸರ್ವನಾಮ ಮೂರೂ ಒಂದಾಗುವ ಇನ್ನೊಂದು ಕಡೆಯಿದೆ. 'ಇಟ್ ವಾಸ್ ಕೈಂಡ್ ಆಫ್ ಹಿಮ್ ಟು ಕಮ್' ಮತ್ತು 'ಇಟ್ ವಾಸ್ ಈಸಿ ಫಾರ್ ಹಿಮ್ ಟು ಕಮ್' ಎಂಬ ವಾಕ್ಯಗಳು ಮೇಲುನೋಟಕ್ಕೆ ಅವಳಿಗಳಂತಿವೆ. ಮೊದಲನೆಯದರಲ್ಲಿ ಬಂದವನೇ ದಯಾಳು, ಆದ್ದರಿಂದ 'ಹೀ ವಾಸ್ ಕೈಂಡ್' ಎಂದರೂ ಮಾತು ನಿಲ್ಲುತ್ತದೆ. ಎರಡನೆಯದರಲ್ಲಿ ಸುಲಭವಾದದ್ದು ಬರುವ ಕೆಲಸ. 'ಹೀ ವಾಸ್ ಈಸಿ' ಎಂದರೆ ಆ ಅರ್ಥ ಬರುವುದಿಲ್ಲ. ಗುಣ ವ್ಯಕ್ತಿಗೆ ಅಂಟಿದರೆ 'ಆಫ್', ಕೆಲಸಕ್ಕೆ ಅಂಟಿದರೆ 'ಫಾರ್'. ಇದನ್ನು ಕಲಿಸುವಾಗ 'ಯೂ' ಬಿಟ್ಟು 'ಹಿಮ್' ಬಳಸುವುದು ಒಳ್ಳೆಯದು, ಏಕೆಂದರೆ ಪ್ರಿಪೊಸಿಷನ್ ಬಂದೊಡನೆ ಸರ್ವನಾಮ ರೂಪ ಬದಲಿಸುವುದು 'ಯೂ' ಎಂಬಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಸ್ಥಾನದ ಪ್ರಶ್ನೆ. ಇಂಗ್ಲಿಷಿನಲ್ಲಿ ಗುಣವಾಚಕ ನಾಮಪದಕ್ಕಿಂತ ಮೊದಲು ಬರುತ್ತದೆ ಎಂದು ಕಲಿಸಿದ ಮಾರನೆಯ ದಿನವೇ 'ಸಮ್‌ಥಿಂಗ್ ನ್ಯೂ' ಎದುರಾಗುತ್ತದೆ. 'ಸಮ್ ನ್ಯೂ ಥಿಂಗ್' ಎನ್ನುವಾಗ ಎರಡು ಪದಗಳ ನಡುವೆ ಜಾಗವಿತ್ತು. ಅವು ಬೆಸೆದುಕೊಂಡು ಒಂದೇ ಸರ್ವನಾಮವಾದಾಗ ಆ ಜಾಗ ಮುಚ್ಚಿಹೋಯಿತು, ಗುಣವಾಚಕ ಹೊರಗೆ ಬಂದು ಹಿಂದೆ ನಿಂತಿತು. 2002ರಲ್ಲಿ ಭಾಷಾವಿಜ್ಞಾನಿಗಳಾದ ಹಡಲ್‌ಸ್ಟನ್ ಮತ್ತು ಪುಲ್ಲಮ್ ಹೊರತಂದ, ಇಂಗ್ಲಿಷ್ ಭಾಷೆಯ ಕೇಂಬ್ರಿಜ್ ವ್ಯಾಕರಣ ಗ್ರಂಥ ಈ ಬೆಸುಗೆಯ ಹಾದಿಯಲ್ಲೇ ಇದನ್ನು ವಿವರಿಸುತ್ತದೆ. ಕನ್ನಡದಲ್ಲೂ ಇಂಥ ಕಡೆ ಗುಣವಾಚಕ ಸುಮ್ಮನಿರುವುದಿಲ್ಲ. 'ಏನಾದರೂ ಹೊಸ' ಎಂದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. 'ಏನಾದರೂ ಹೊಸದು', 'ಯಾರೋ ಹೊಸಬರು' ಎಂದು ಪ್ರತ್ಯಯ ಹಚ್ಚಲೇಬೇಕು. ನಾವು ಪ್ರತ್ಯಯದಿಂದ ಮಾಡುವುದನ್ನು ಇಂಗ್ಲಿಷ್ ಸ್ಥಾನದಿಂದ ಮಾಡುತ್ತದೆ ಎಂದರೆ ಹಳ್ಳಿಯ ಮಗುವಿಗೂ ತಿಳಿಯುತ್ತದೆ, ಆದರೆ ಹಾಗೆ ಹೇಳಲು ಇಂಗ್ಲಿಷ್ ಅವಧಿಯಲ್ಲಿ ಕನ್ನಡ ಬಾಯಿಬಿಡಬೇಕು. ಅದನ್ನು ಅಪರಾಧವೆಂದು ಕಾಣುವ ಶಾಲೆಗಳು ಈಗ ಕಡಿಮೆಯಿಲ್ಲ.

ಗುಣವಾಚಕ ಪ್ರಿಪೊಸಿಷನ್ ಕಟ್ಟಿಕೊಂಡು ಬಂದಾಗಲೂ ನಾಮಪದದ ಹಿಂದೆಯೇ ನಿಲ್ಲುತ್ತದೆ. 'ಮಗನ ಬಗ್ಗೆ ಹೆಮ್ಮೆಪಡುವ ತಂದೆ' ಎಂದು ನಾವು ಎಲ್ಲವನ್ನೂ ತಂದೆಗಿಂತ ಮೊದಲೇ ಹೇಳಿ ಮುಗಿಸುತ್ತೇವೆ. ಇಂಗ್ಲಿಷಿನದು 'ಎ ಫಾದರ್ ಪ್ರೌಡ್ ಆಫ್ ಹಿಸ್ ಸನ್'. ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. 'ಸ್ಲೀಪಿಂಗ್ ಬೇಬಿ' ಸರಿ, 'ಅಸ್ಲೀಪ್ ಬೇಬಿ' ಯಾಕೆ ತಪ್ಪು? ಹಳೆಯ ಇಂಗ್ಲಿಷಿನಲ್ಲಿ ಇವತ್ತಿನ 'ಅಸ್ಲೀಪ್' ಎಂಬುದು 'ನಿದ್ದೆಯಲ್ಲಿ' ಎಂಬರ್ಥದ, 'ಆನ್' ಸೇರಿದ ಎರಡು ಪದಗಳಾಗಿತ್ತು. 'ಅಲೈವ್' ಕೂಡ 'ಜೀವದಲ್ಲಿ' ಎಂಬಂತೆಯೇ ಹುಟ್ಟಿದ್ದು. ಆ 'ಆನ್' ಸವೆದು 'ಅ' ಆಗಿ ಅಂಟಿಕೊಂಡು ಶತಮಾನಗಳೇ ಕಳೆದರೂ, ನಾಮಪದದ ಹಿಂದೆ ನಿಲ್ಲುವ ಚಾಳಿ ಹೋಗಿಲ್ಲ. 'ಅಫ್ರೇಡ್' ಈ ಮನೆತನದ್ದಲ್ಲ, ಫ್ರೆಂಚ್ ಕ್ರಿಯಾಪದವೊಂದರ ಕೃದಂತದಿಂದ ಬಂದದ್ದು. ಆದರೂ ಅದೇ ಸಾಲಿನಲ್ಲಿ ಕೂತಿದೆ.

ಪಟ್ಟಿಗಳೇ ಬೇಡವೆಂದು ನಾನು ವಾದಿಸುತ್ತಿಲ್ಲ. 'ಮ್ಯಾರೀಡ್' ಪಕ್ಕದಲ್ಲಿ 'ವಿತ್' ಬಾರದೆ 'ಟು' ಬರುವುದಕ್ಕೆ ತರಗತಿಯಲ್ಲಿ ಹೇಳಬಹುದಾದ ಸರಳ ಕಾರಣ ನನ್ನ ಬಳಿಯೂ ಇಲ್ಲ. ಆದರೆ ಪಟ್ಟಿಯ ಪಕ್ಕದಲ್ಲಿ ಇಡೀ ವಾಕ್ಯವಿರಲಿ, ಅದರ ಕನ್ನಡವೂ ಇರಲಿ, ವಿಭಕ್ತಿ ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮಕ್ಕಳೇ ಗುರುತು ಹಾಕಲಿ. ಉತ್ತರಪತ್ರಿಕೆ ತಿದ್ದುವವರೂ ಸ್ವಲ್ಪ ಸಡಿಲವಾಗಬೇಕು. 'ಡಿಫರೆಂಟ್' ಆದಮೇಲೆ 'ಫ್ರಮ್' ಎಲ್ಲ ಕಡೆಯೂ ನಡೆಯುತ್ತದೆ ನಿಜ, ಆದರೆ ಬ್ರಿಟನ್ನಿನವರು 'ಟು' ಎನ್ನುವುದೂ ಅಮೆರಿಕದವರು 'ದ್ಯಾನ್' ಎನ್ನುವುದೂ ಸಾಮಾನ್ಯ. 'ಡಿಫರೆಂಟ್ ಟು' ಎಂದು ಬರೆದ ನಮ್ಮ ವಿದ್ಯಾರ್ಥಿಗೆ ಮಾತ್ರ ಒಂದು ಅಂಕ ಹೋಗುತ್ತದೆ.